ಎಬ್ಬಿಸದೆ ತೆಗೆಯುವ ಕೈ: ಮೈಸೂರಿನ ಒಂದು ರಕ್ತಕೇಂದ್ರಕ್ಕೆ ನಾಲ್ಕು ಸಲ ಹೋಗಿ ಮೂರು ಸಲ ಪ್ಲೇಟ್‌ಲೆಟ್ ಕೊಟ್ಟವನ ವಿಮರ್ಶೆ

ಮೊದಲೇ ಅಂಕ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕು. ಒಂದು ಯಾಕೆ ಹೋಯಿತು ಅಂತ ಮುಂದೆ ಬರುತ್ತದೆ. ಕಾಫಿಗಂತೂ ಅಲ್ಲ, ಕಾಫಿ ಚೆನ್ನಾಗಿತ್ತು. ಕೇಂದ್ರದ ಹೆಸರು ಹಾಕುತ್ತಿಲ್ಲ. ಎರಡನೇ ಸಲ ಕೊಡಲು ಹೋದಾಗ ನನ್ನ ಎಡಗೈಯನ್ನು ಬದನೆಕಾಯಿ ಬಣ್ಣಕ್ಕೆ ತಿರುಗಿಸಿದ ಹುಡುಗ ಇನ್ನೂ ಅಲ್ಲೇ ಇದ್ದಾನೆ, ಈಗ ಅವನ ಕೈ ಕುದುರಿದೆ. ಅವನ ಹೊಟ್ಟೆ ಮೇಲೆ ಹೊಡೆಯುವುದು ನನಗೆ ಬೇಡ.

ನನ್ನ ಕಸುಬು ಏನು ಅಂತ ಹೇಳದಿದ್ದರೆ ಈ ವಿಮರ್ಶೆಯ ಅರ್ಧ ಭಾಗ ಹುಚ್ಚು ಅನಿಸೀತು. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಟೆಸ್ಟರ್ ನಾನು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದೂವರೆಯಿಂದ ಏಳು, ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಸ್ಯಾಂಪಲ್ ತೆಗೆದು ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ನೋಡಿ ಚೀಟಿ ಕೊಡುವುದು ನನ್ನ ಕೆಲಸ. ಅನುಮಾನ ಬಂದ ಹಾಲನ್ನು ಟ್ಯೂಬಿನಲ್ಲಿ ಕಾಯಿಸಿ ನೋಡುತ್ತೇವೆ, ಒಡೆದರೆ ವಾಪಸ್. ಡೈರಿಯವರ ಬಾಯಲ್ಲಿ ಅದು ಸಿಓಬಿ, ಅಂದರೆ ಕ್ಲಾಟ್ ಆನ್ ಬಾಯ್ಲಿಂಗ್. ಹಾಲು ಯಾವಾಗ ಹಾಲಾಗಿಯೇ ಇರುತ್ತದೆ, ಯಾವಾಗ ಕೈಕೊಡುತ್ತದೆ ಅನ್ನುವುದರ ಮೇಲೇ ನನ್ನ ಸಂಸಾರ ನಡೆದಿರುವುದು. ಅದಕ್ಕೇ ಈ ರಕ್ತಕೇಂದ್ರದಲ್ಲಿ ಬೇರೆಯವರು ಟಿವಿ ನೋಡುವಾಗ ನಾನು ಮಿಷನ್ನು ನೋಡುತ್ತಾ ಕೂತೆ.

ಹೋದದ್ದು ಯಾಕೆಂದರೆ, ನಮ್ಮ ಡೈರಿಗೆ ಹಾಲು ಹಾಕುವ ಒಬ್ಬರ ಮಗಳಿಗೆ, ಒಂಬತ್ತು ವರ್ಷದ ಕೂಸಿಗೆ, ರಕ್ತದ ಕ್ಯಾನ್ಸರ್. ಔಷಧಿ ಕೊಟ್ಟಾಗ ಕೆಟ್ಟ ಕಣದ ಜೊತೆ ಮೂಳೆಮಜ್ಜೆಯ ಒಳ್ಳೆ ಕೆಲಸವೂ ನಿಂತುಹೋಗುತ್ತದೆ. ಗಾಯವಾದಾಗ ಹೆಪ್ಪುಗಟ್ಟಿ ರಕ್ತ ನಿಲ್ಲಿಸುವ ಸಣ್ಣ ಕಣ ಪ್ಲೇಟ್‌ಲೆಟ್; ಮಗುವಿನದು 8,000ಕ್ಕೆ ಇಳಿದಿತ್ತು. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರಬೇಕಾದದ್ದು. ಅಪ್ಪ ಒಂದು ಬೆಳಿಗ್ಗೆ ಕ್ಯಾನಿಲ್ಲದೆ ಬಂದು ಸಾಲಿನ ಕೊನೆಯಲ್ಲಿ ನಿಂತ. ಎಲ್ಲರೂ ಹೋದ ಮೇಲೆ, "ಅಣ್ಣ, ನಿಮ್ದು ಯಾವ ಗ್ರೂಪು?" ಅಂದ. ಅಷ್ಟೇ ಕೇಳಿದ್ದು.

ಮಾರನೇ ದಿನ ಬೆಳಗಿನ ಹಾಲು ಮುಗಿಸಿ ಬಸ್ಸು ಹತ್ತಿದೆ. ಹತ್ತು ಗಂಟೆಗೆ ಅಲ್ಲಿದ್ದೆ. ಹತ್ತೂವರೆಗೆ ವಾಪಸ್ ಕಳಿಸಿದರು!

ಕೌಂಟರಿನ ಹಿಂದಿದ್ದ ಹೆಣ್ಣುಮಗಳು ಫಾರಂ ಓದುತ್ತಾ ಕೇಳಿದಳು: "ಸರ್, ಮೂರು ದಿನದಲ್ಲಿ ಏನಾದ್ರೂ ಮಾತ್ರೆ ತಗೊಂಡಿದ್ರಾ?"

"ಇಲ್ಲಮ್ಮ. ನಿನ್ನೆ ರಾತ್ರಿ ಒಂಚೂರು ತಲೆನೋವಿತ್ತು, ಅಂಗಡೀಲಿ ಸಿಗ್ತದಲ್ಲ, ನೀರಿಗೆ ಹಾಕಿದ್ರೆ ಬುಸುಬುಸು ಅನ್ನುತ್ತೆ, ಅದೊಂದು."

ಪೆನ್ನು ಕೆಳಗಿಟ್ಟಳು. "ಅದರಲ್ಲಿ ಆಸ್ಪಿರಿನ್ ಇರುತ್ತೆ ಸರ್. ಇವತ್ತು ನಿಮ್ಮದು ಬೇಡ."

ನನಗೆ ಸಿಟ್ಟು ಬಂತು. ನೆಟ್ಟಗಿರುವ ಹಾಲನ್ನು ವಾಪಸ್ ಮಾಡಿದಾಗ ರೈತನಿಗೆ ಬರುತ್ತದಲ್ಲ, ಅದೇ ಸಿಟ್ಟು. ಅಲ್ಲಿ ಮಗು ಮಲಗಿದೆ, ಇಲ್ಲಿ ಗಟ್ಟಿಮುಟ್ಟಾದ ಆಳು ತೋಳು ಮಡಿಸಿ ನಿಂತಿದ್ದಾನೆ, ಒಂದು ತಲೆನೋವಿನ ಮಾತ್ರೆಗೆ ಬೇಡವೇ? ಅವಳು ಗದರಲಿಲ್ಲ, ಕೂರಿಸಿ ಹೇಳಿದಳು. "ನಿಮ್ಮ ಪ್ಲೇಟ್‌ಲೆಟ್ಟು ಲೆಕ್ಕದಲ್ಲಿ ಸರಿಯಾಗೇ ಇರ್ತವೆ ಸರ್, ಆದರೆ ಇವತ್ತು ಮೂಗ ಆಗಿವೆ. ಮಗುಗೆ ಲೆಕ್ಕ ಬೇಕಾಗಿಲ್ಲ, ಕೂಗೋವು ಬೇಕು." ಆ ಮಗುವಿಗೆ ಅವತ್ತು ಬೇರೆ ಯಾರೋ ಕಾಲೇಜು ಹುಡುಗ ಕೊಟ್ಟನಂತೆ. ನಾನು ಬಂದ ದಾರಿಗೆ ಸುಂಕವಿಲ್ಲದೆ ಊರಿಗೆ ಬಂದೆ.

ಈ ಮೂಗತನ ಏನು ಅಂತ ಆಮೇಲೆ ಅಲ್ಲಿನ ಡಾಕ್ಟರನ್ನು ಪೀಡಿಸಿ ಕೇಳಿಕೊಂಡೆ. ಗಾಯದ ಸುದ್ದಿ ಮುಟ್ಟಿದ ಪ್ಲೇಟ್‌ಲೆಟ್ ತನ್ನೊಳಗೆ ಥ್ರಾಂಬಾಕ್ಸೇನ್ ಅನ್ನುವ ವಸ್ತು ಮಾಡಿ ಹೊರಕ್ಕೆ ಬಿಡುತ್ತದೆ. ಅಕ್ಕಪಕ್ಕದವಕ್ಕೆ ಅದೇ ಕೂಗು. ಆ ಕೂಗನ್ನು ತಯಾರಿಸುವ ಕಿಣ್ವಕ್ಕೆ ಆಸ್ಪಿರಿನ್ ತನ್ನದೊಂದು ತುಣುಕನ್ನು ಅಂಟಿಸಿ ಬಾಯಿ ಕಟ್ಟಿಬಿಡುತ್ತದೆ. ಬೇರೆ ಜೀವಕೋಶವಾದರೆ ಹೊಸ ಕಿಣ್ವ ಮಾಡಿಕೊಳ್ಳುತ್ತಿತ್ತು. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ಸೇ ಇಲ್ಲ. ಮಜ್ಜೆಯಲ್ಲಿರುವ ಒಂದು ದೈತ್ಯ ಕೋಶದಿಂದ ಹರಿದು ಬಂದ ಚೂರು ಅದು, ಹೊಸದಾಗಿ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಒಂದು ಮಾತ್ರೆ ಬಿತ್ತೆಂದರೆ ಅದರ ಆಯುಷ್ಯ ಪೂರ್ತಿ, ಅಂದರೆ ಏಳರಿಂದ ಹತ್ತು ದಿನ, ಅದು ಮೂಗನೇ.

ಹಾಗಾದರೆ ಹತ್ತು ದಿನ ಬಿಟ್ಟು ಬಾ ಅನ್ನಬೇಕಿತ್ತು, ಮೂರೇ ದಿನ ಯಾಕೆ? ಇದನ್ನೂ ಕೇಳಿದೆ. ಉತ್ತರ ಕೇಳಿ ಖುಷಿಯಾಯಿತು. ದಿನಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು ಹಳೆಯವು ಹೋಗಿ ಹೊಸವು ಬರುತ್ತವೆ. ಮೂರು ದಿನಕ್ಕೆ ಮೂರನೇ ಒಂದು ಪಾಲು ಬಾಯಿರುವ ಹೊಸಬರು. ಆಸ್ಪಿರಿನ್ ಬಿದ್ದವು ಮೂಗವೇ ಹೊರತು ಕಿವುಡಲ್ಲ. ಹೊಸವು ಕೂಗಿದರೆ ಹಳೆಯವೂ ಎದ್ದು ಬರುತ್ತವೆ!

ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಒಳಗೆ ಏನು ಮಾಡುತ್ತದೆ ಅಂತ ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟದ್ದು 1971ರಲ್ಲಿ. ಅದಕ್ಕೆ 1982ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಎಪ್ಪತ್ತು ವರ್ಷ ಜನ ಗೊತ್ತಿಲ್ಲದೇ ನುಂಗಿದರು, ನಾನೂ ಹಾಗೇ ನುಂಗಿದ್ದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ನನ್ನ ಸೋದರಮಾವನಿಗೆ ದಿನಾ 75 ಮಿಲಿಗ್ರಾಂ ಕೊಡುವುದೂ ಇದೇ ಮೂಗತನಕ್ಕಾಗಿ. (ಈ ವಿಮರ್ಶೆ ಓದಿ ಯಾರೂ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಬಿಟ್ಟು ರಕ್ತ ಕೊಡಲು ಓಡಬೇಡಿ. ನಮ್ಮ ಮಾವ ಹೊರಟಿದ್ದರು. ತಡೆದು ಕೂರಿಸಿದ್ದೇವೆ.)

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಈ ಸಲ ಮಾತ್ರೆ ಇಲ್ಲ, ಹೊಟ್ಟೆ ತುಂಬ ಮುದ್ದೆ ಸಾರು ಉಂಡಿದ್ದೆ. ತೂಕ, ಬಿಪಿ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಲೆಕ್ಕ, ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಎಲ್ಲ ನೋಡಿದರು. ನನ್ನ ಲೆಕ್ಕ 2,68,000. 1.5 ಲಕ್ಷಕ್ಕಿಂತ ಮೇಲಿದ್ದರೆ ಮಾತ್ರ ತೆಗೆಯುವುದು. ಇಷ್ಟಕ್ಕೆ ಒಂದೂವರೆ ಗಂಟೆ ಹಿಡಿಯಿತು. ಕಾಯುವ ಜಾಗದಲ್ಲಿ ಕುರ್ಚಿ ಸಾಕಷ್ಟಿವೆ, ಫ್ಯಾನ್ ತಿರುಗುತ್ತದೆ, ಕುಡಿಯುವ ನೀರಿದೆ. ಶೌಚಾಲಯ ಮೇಲಿನ ಮಹಡಿಯಲ್ಲಿ. ಮಿಷನ್ನಿಗೆ ಕೂತ ಮೇಲೆ ಎದ್ದು ಹೋಗುವ ಹಾಗಿಲ್ಲ, ಮೊದಲೇ ಹೋಗಿ ಬನ್ನಿ.

ಮಿಷನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಪಕ್ಕಾ ನಮ್ಮ ಕೆನೆ ತೆಗೆಯುವ ಸೆಪರೇಟರ್! ರಕ್ತ ತೋಳಿನಿಂದ ಹೋಗಿ ಒಳಗೆ ಗಿರ್ರನೆ ತಿರುಗುತ್ತದೆ. ಭಾರದ ಕೆಂಪು ಕಣ ಹೊರ ಅಂಚಿಗೆ, ತಿಳಿ ಪ್ಲಾಸ್ಮಾ ಒಳಕ್ಕೆ, ನಡುವೆ ತೆಳ್ಳಗೆ ಒಂದು ಕೆನೆಪದರ. ಪ್ಲೇಟ್‌ಲೆಟ್ ಇರುವುದು ಅಲ್ಲೇ. ಅದನ್ನು ಚೀಲಕ್ಕೆ ಎಳೆದುಕೊಂಡು ಉಳಿದದ್ದನ್ನು ಅದೇ ಸೂಜಿಯಿಂದ ವಾಪಸ್ ಬಿಡುತ್ತದೆ. ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು. ನಾನು ಬಾಯಿ ತಡೆಯದೆ "ಇದು ಡೈರಿ ಮಿಷನ್ನು ಕಣಪ್ಪ" ಅಂದೆ. ಡ್ಯೂಟಿ ಡಾಕ್ಟರು ನಕ್ಕರು, ನಿಜ ಅಂದರು. ಸ್ವೀಡನ್ನಿನ ಗುಸ್ತಾಫ್ ದ ಲವಾಲ್ 1878ರಲ್ಲಿ ಮಾಡಿದ ಕೆನೆ ಸೆಪರೇಟರಿನ ಉಪಾಯವನ್ನೇ ಇಟ್ಟುಕೊಂಡು, 1950ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿದ್ದ ಎಡ್ವಿನ್ ಕೋನ್ ರಕ್ತ ಬೇರ್ಪಡಿಸುವ ಯಂತ್ರ ಮಾಡಿದರಂತೆ. ಆ ಹೊತ್ತಿನಿಂದ ನನ್ನ ನಡೆಯೇ ಬದಲಾಯಿತು ಅಂತ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಆದರೆ ಕೆನೆಗೆ ಮುನಿಸಿಲ್ಲ. ಎಷ್ಟು ತಿರುಗಿಸಿದರೂ ಕೆನೆ ಕೆನೆಯೇ. ಪ್ಲೇಟ್‌ಲೆಟ್ ಹಾಗಲ್ಲ, ತಾಗಿದರೆ ಏಳುವ ಜಾತಿ. ಅದು ಹುಟ್ಟಿರುವುದೇ ಏಳುವುದಕ್ಕೆ. ದೇಹದಿಂದ ಹೊರಗೆ ತೆಗೆದು, ಪ್ಲಾಸ್ಟಿಕ್ ಕೊಳವೆಯಲ್ಲಿ ಓಡಿಸಿ, ತಿರುಗಿಸಿ, ಚೀಲಕ್ಕೆ ತುಂಬುವ ತನಕ ಅದಕ್ಕೆ ಎಚ್ಚರ ಆಗಬಾರದು. ಚೀಲದಲ್ಲೇ ಎದ್ದು ಕೂಗಿ ಒಂದನ್ನೊಂದು ಹಿಡಿದುಕೊಂಡರೆ ಮಗುವಿಗೆ ಕೊಡಲು ಉಳಿಯುವುದು ಗಂಟು. ಈ ಕೇಂದ್ರದ ಒಳ್ಳೆಯದು ಕೆಟ್ಟದ್ದು ಎಲ್ಲವನ್ನೂ ನಾನು ಈ ಒಂದು ಅಳತೆಯಲ್ಲೇ ಅಳೆದಿದ್ದೇನೆ: ಎಬ್ಬಿಸದೆ ತೆಗೆಯುತ್ತಾರೋ ಇಲ್ಲವೋ.

ಎಂಬತ್ತು ನಿಮಿಷ ಆ ಕುರ್ಚಿಯಲ್ಲಿ ಒರಗಿದ್ದಾಗ ಡಾಕ್ಟರು ಹೇಳಿದ್ದನ್ನು ನನ್ನ ಮಾತಲ್ಲಿ ಬರೆಯುತ್ತೇನೆ.

ಪ್ಲೇಟ್‌ಲೆಟ್ ಎರಡು ಮೂರು ಮೈಕ್ರಾನ್ ಅಗಲದ ಚಪ್ಪಟೆ ಬಿಲ್ಲೆ. ರಕ್ತನಾಳದ ಅಂಚಿಗೆ ಒತ್ತಿಕೊಂಡು, ಗೋಡೆ ಸವರುತ್ತಾ ಹರಿಯುತ್ತದೆ. ಗೋಡೆ ಸುಮ್ಮನಿರುವುದಿಲ್ಲ, ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಅನ್ನುವ ಎರಡನ್ನು ಸದಾ ಬಿಡುತ್ತಾ, ಮಲಗು ಮಲಗು ಅಂತ ತಟ್ಟುತ್ತಲೇ ಇರುತ್ತದೆ. ಗೋಡೆ ಹರಿದ ಕಡೆ ಆ ತಟ್ಟುವ ಕೈ ಇಲ್ಲ. ಅಡಿಯಲ್ಲಿದ್ದ ಕೊಲಾಜೆನ್ ನಾರು ಬಯಲಿಗೆ ಬರುತ್ತದೆ. ರಕ್ತದಲ್ಲಿ ಉಂಡೆ ಸುತ್ತಿಕೊಂಡು ತೇಲುವ ಒಂದು ಉದ್ದನೆಯ ಪ್ರೋಟೀನಿದೆ; ಫಿನ್‌ಲ್ಯಾಂಡಿನ ಡಾಕ್ಟರ್ ಎರಿಕ್ ಫಾನ್ ವಿಲ್ಲೆಬ್ರಾಂಡ್ ಅವರ ಹೆಸರೇ ಅದಕ್ಕೆ. ಅದು ಕೊಲಾಜೆನ್ನಿಗೆ ತಗುಲಿಕೊಂಡು, ರಕ್ತದ ಸೆಳೆತಕ್ಕೆ ಹಗ್ಗದ ಹಾಗೆ ಬಿಚ್ಚಿಕೊಳ್ಳುತ್ತದೆ. ಓಡುತ್ತಿದ್ದ ಪ್ಲೇಟ್‌ಲೆಟ್ ಆ ಹಗ್ಗಕ್ಕೆ ಕೈ ಹಾಕುತ್ತದೆ, ಕೈ ಜಾರುತ್ತದೆ, ಮತ್ತೆ ಹಿಡಿಯುತ್ತದೆ, ಹೊರಳುತ್ತಾ ನಿಧಾನವಾಗುತ್ತದೆ. ಅಷ್ಟರಲ್ಲಿ ಕೊಲಾಜೆನ್ ಕೈಗೆ ಸಿಗುತ್ತದೆ. ಎಚ್ಚರ!

ಎಚ್ಚರ ಅಂದರೆ ಏನು? ಅದರ ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಒಮ್ಮೆಗೇ ಬಿಡುಗಡೆ ಆಗುತ್ತದೆ. ಚಪ್ಪಟೆ ಬಿಲ್ಲೆ ದುಂಡಗಾಗಿ, ಮೈತುಂಬ ಮುಳ್ಳು ಚಾಚಿ, ಕಾಡುಹಾಗಲದ ಹಾಗಾಗುತ್ತದೆ. ಒಳಗಿನ ಸಂಚಿಗಳು ಬಾಯಿ ಬಿಚ್ಚಿ ಎಡಿಪಿ, ಸೆರೊಟೋನಿನ್ ಅನ್ನುವ ರಾಸಾಯನಿಕಗಳನ್ನು ಹೊರಗೆ ಸುರಿಯುತ್ತವೆ. ಜೊತೆಗೆ ಆ ಥ್ರಾಂಬಾಕ್ಸೇನ್. ನಮ್ಮ ಕಡೆ ಕಬ್ಬಿನ ಗದ್ದೆಗೆ ಹಂದಿ ಬಿದ್ದ ರಾತ್ರಿ ಅಟ್ಟಣೆಯ ಮೇಲಿದ್ದವನು ಒಂದು ಕೂಗು ಹಾಕುತ್ತಾನೆ. ಪಕ್ಕದ ಗದ್ದೆಯವನು ಹಂದಿ ನೋಡಿರುವುದಿಲ್ಲ, ಕೂಗು ಕೇಳಿಯೇ ಎದ್ದು ತಾನೂ ಕೂಗುತ್ತಾನೆ. ಹಾಗೆಯೇ ಇಲ್ಲಿ ಗಾಯ ಮುಟ್ಟದೆ ಇರುವ ಪ್ಲೇಟ್‌ಲೆಟ್‌ಗಳೂ ಎಡಿಪಿಯ ಕೂಗಿಗೆ ಎದ್ದು, ತಾವೂ ಸಂಚಿ ಬಿಚ್ಚುತ್ತವೆ.

ಕೂಗಿದರೆ ಸಾಲದು, ಕೈ ಹಿಡಿಯಬೇಕಲ್ಲ. ಒಂದೊಂದು ಪ್ಲೇಟ್‌ಲೆಟ್ಟಿನ ಮೈಮೇಲೂ ಸುಮಾರು 80,000 ಕೊಂಡಿಗಳಿವೆ. ಮಲಗಿದ್ದಾಗ ಅವೆಲ್ಲ ಮಡಚಿಕೊಂಡಿರುತ್ತವೆ. ಎದ್ದಾಗ ನೆಟ್ಟಗಾಗಿ ಬಾಯಿ ತೆರೆಯುತ್ತವೆ. ರಕ್ತದಲ್ಲಿ ಸದಾ ಇರುವ ಫೈಬ್ರಿನೋಜೆನ್ ಎರಡು ತುದಿಯ ಕಡ್ಡಿ ಇದ್ದಂತೆ. ಒಂದು ತುದಿ ಇದರ ಕೊಂಡಿಗೆ, ಇನ್ನೊಂದು ತುದಿ ಅದರ ಕೊಂಡಿಗೆ. ಆಯಿತು ಬೇಲಿ. ಇನ್ನೂ ಒಂದು ಕೆಲಸ ಬಾಕಿ. ಎದ್ದ ಪ್ಲೇಟ್‌ಲೆಟ್ ತನ್ನ ಒಳಮೈಯ ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ. ಆ ಜಗಲಿಯ ಮೇಲೆ ಕ್ಯಾಲ್ಸಿಯಂ ನೆರವಿನಿಂದ ಹೆಪ್ಪಿನ ಅಂಶಗಳು ಕೂತು ಥ್ರಾಂಬಿನ್ ಹುಟ್ಟಿಸುತ್ತವೆ. ಥ್ರಾಂಬಿನ್ನು ಫೈಬ್ರಿನೋಜೆನ್ನನ್ನು ಫೈಬ್ರಿನ್ ಎಳೆ ಮಾಡಿ ಬಲೆ ನೇಯುತ್ತದೆ, ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಬಡಿದೆಬ್ಬಿಸುತ್ತದೆ. ಕೊನೆಗೆ ಪ್ಲೇಟ್‌ಲೆಟ್‌ಗಳೇ ಒಳಗಿಂದ ಎಳೆಗಳನ್ನು ಜಗ್ಗಿ ಹೆಪ್ಪನ್ನು ಬಿಗಿ ಮಾಡುತ್ತವೆ. ಗಟ್ಟಿ ಮೊಸರಿನಿಂದ ತಿಳಿ ಬಿಡುತ್ತದಲ್ಲ, ಹೆಚ್ಚುಕಮ್ಮಿ ಆ ಹದ.

ಹೆಪ್ಪು ಅನ್ನುವ ಒಂದೇ ಮಾತು ಮೊಸರಿಗೂ ರಕ್ತಕ್ಕೂ ನಮಗೆ ಸಾಕು. ಮೊಸರಿಗೆ ಹೆಪ್ಪು ಹೊರಗಿಂದ ಹಾಕಬೇಕು. ರಕ್ತ ತನ್ನ ಹೆಪ್ಪನ್ನು ತಾನೇ ಹೊತ್ತು ತಿರುಗುತ್ತದೆ.

ಈಗ ಸಿಟ್ರೇಟ್ ಕತೆ. ತೋಳಿನಿಂದ ರಕ್ತ ಬರುವಾಗಲೇ ಮಿಷನ್ನು ಅದಕ್ಕೆ ಹನಿಹನಿಯಾಗಿ ಸಿಟ್ರೇಟ್ ಸೇರಿಸುತ್ತದೆ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಹೊರಗೆ ಕ್ಯಾಲ್ಸಿಯಂ ಕೈಗೆ ಸಿಗದಿದ್ದರೆ ಆ ಜಗಲಿಯ ಕೆಲಸ ನಡೆಯುವುದಿಲ್ಲ. ಸಿಟ್ರೇಟ್ ನಮಗೆ ಹೊಸದಲ್ಲ, ಚೀಸ್ ಮಾಡುವವರು ಅದರ ಉಪ್ಪನ್ನು ಬಳಸುತ್ತಾರೆ. ಹೊಸದೇನೆಂದರೆ ಅದರಲ್ಲಿ ಒಂದಿಷ್ಟು ವಾಪಸ್ ಬರುವ ರಕ್ತದ ಜೊತೆ ನನ್ನ ಮೈಗೇ ಬಂತು. ನಲವತ್ತು ನಿಮಿಷ ಆಗುತ್ತಿದ್ದ ಹಾಗೆ ತುಟಿ ಜುಂ ಅನ್ನತೊಡಗಿತು, ಸಿಚುವಾನ್ ಚಟ್ನಿ ತಿಂದ ಹಾಗೆ. ನಾನು ಗಂಡಸಲ್ಲವೇ, ಸುಮ್ಮನಿದ್ದೆ. ಸಿಸ್ಟರ್ ಮುಖ ನೋಡಿಯೇ ಪತ್ತೆ ಮಾಡಿದರು. "ತುಟಿ ಜುಂ ಅಂತಿದ್ಯಾ ಅಂತ ಹತ್ತು ನಿಮಿಷಕ್ಕೊಂದ್ಸಲ ಕೇಳ್ತಿದೀನಿ, ನೀವು ಇಲ್ಲ ಇಲ್ಲ ಅಂತಿದೀರಾ. ಹೇಳ್ಬೇಕಪ್ಪ!" ಎರಡು ಕ್ಯಾಲ್ಸಿಯಂ ಮಾತ್ರೆ ಜಗಿಯಲು ಕೊಟ್ಟು, ಮಿಷನ್ನಿನ ವೇಗ ತಗ್ಗಿಸಿದರು. ಐದು ನಿಮಿಷದಲ್ಲಿ ಸರಿಹೋಯಿತು. ಈ ಸಿಸ್ಟರ್‌ಗೆ ಬೇರೆಯೇ ಐದು ಅಂಕ.

ಕೊನೆಗೆ ಚೀಲದಲ್ಲಿ ಬಂದದ್ದು ಹಳದಿ ಬಣ್ಣದ, ಸ್ವಲ್ಪ ಮಬ್ಬಾದ ನೀರು; ನಮ್ಮ ಹಸುವಿನ ಗಿಣ್ಣು ಹಾಲಿಗೆ ಜಾಸ್ತಿ ನೀರು ಬೆರೆತರೆ ಆ ಬಣ್ಣ. ಕಡಿಮೆ ಎಂದರೂ 30,000 ಕೋಟಿ ಪ್ಲೇಟ್‌ಲೆಟ್ ಇರಬೇಕು ಅಂತ ಲೆಕ್ಕ. ಬೆಚ್ಚಿಬೀಳಬೇಡಿ. ದೇಹ ದಿನಕ್ಕೆ ಸುಮಾರು 10,000 ಕೋಟಿ ಮಾಡುತ್ತದೆ. ನಾನು ಕೊಟ್ಟದ್ದು ಮೂರು ದಿನದ ಹಾಲು ಅನ್ನಿ. ಅದಕ್ಕೇ 48 ಗಂಟೆ ಕಳೆದರೆ ಮತ್ತೆ ಕೊಡಬಹುದು, ವರ್ಷಕ್ಕೆ 24 ಸಲದ ಮಿತಿ ಅಂತ ನಿಯಮ ಇರುವುದು. ಮಾರನೇ ದಿನ ಆ ಅಪ್ಪನ ಫೋನು ಬಂತು. ಮಗುವಿನ ವಸಡಿನ ರಕ್ತ ನಿಂತಿದೆ ಅಂದ. ಅದು ನನ್ನ ಚೀಲವೇ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎರಡನೇ ಸಲ ಕೊಡಲು ಹೋದಾಗ ಹೊಸ ಹುಡುಗ. ರಕ್ತದ ಸ್ಯಾಂಪಲ್ಲಿಗೇ ಎಡಗೈಯಲ್ಲಿ ಮೂರು ಕಡೆ ಚುಚ್ಚಿದ, ಸೂಜಿ ಒಳಗಿಟ್ಟುಕೊಂಡೇ ನರ ಹುಡುಕಿದ. ರಕ್ತ ತೊಟ್ಟುತೊಟ್ಟಾಗಿ ಬಂತು. ಒಂದು ಗಂಟೆ ಬಿಟ್ಟು ರಿಪೋರ್ಟು ನೋಡಿದರೆ 88,000. "ಸರ್, ನಿಮ್ಗೇ ಪ್ಲೇಟ್‌ಲೆಟ್ ಕಮ್ಮಿ ಇದೆ, ಡಾಕ್ಟರಿಗೆ ತೋರಿಸ್ಕೊಳಿ" ಅಂದ. ನನ್ನ ಕಾಲ ಕೆಳಗಿನ ನೆಲ ಸರಿಯಿತು. ತಿಂಗಳ ಹಿಂದೆ ಎರಡೂಮುಕ್ಕಾಲು ಲಕ್ಷದ ಹತ್ತಿರ ಇದ್ದದ್ದು, ಈಗ ನನಗೂ ಆ ಮಗುವಿನ ಕಾಯಿಲೆಯೇ? ಮನೆಗೆ ಫೋನ್ ಮಾಡಲೋ ಬೇಡವೋ ಅಂತ ಅರ್ಧ ಗಂಟೆ ಕಾರಿಡಾರಿನಲ್ಲಿ ಅಡ್ಡಾಡಿದೆ. ಐದರಲ್ಲಿ ಒಂದು ಅಂಕ ಹೋದದ್ದು ಇಲ್ಲಿ. ಚುಚ್ಚಿದ್ದಕ್ಕಲ್ಲ, ಕಲಿಯುವವರು ಯಾರದಾದರೂ ಕೈಯಲ್ಲಿ ಕಲಿಯಲೇಬೇಕು. ಎರಡನೇ ಸಲ ನೋಡದೆ ಆ ಅಂಕಿಯನ್ನು ನನ್ನ ಕೈಗಿಟ್ಟದ್ದಕ್ಕೆ.

ಉಳಿದ ನಾಲ್ಕು ಉಳಿದದ್ದೂ ಅದೇ ದಿನವೇ. ಹಿರಿಯ ಟೆಕ್ನಿಷಿಯನ್ ಒಬ್ಬರು ನನ್ನ ಹಳೆಯ ಲೆಕ್ಕ ನೋಡಿ, ಹೀಗಾಗುವುದಿಲ್ಲವಲ್ಲ ಅಂತ ಗಾಜಿನ ಪಟ್ಟಿಗೆ ಒಂದು ಹನಿ ಬಳಿದು ಮೈಕ್ರೋಸ್ಕೋಪಿಗೆ ಇಟ್ಟರು. ನನ್ನನ್ನೂ ಕರೆದು ತೋರಿಸಿದರು. ನೇರಳೆ ಬಣ್ಣದ ಚುಕ್ಕಿಗಳು ಒಂಟಿಯಾಗಿ ಇರಲಿಲ್ಲ; ಇರುವೆ ಗೂಡಿನ ಬಾಯಲ್ಲಿ ಕಾಣುವ ಹಾಗೆ ಗುಂಪುಗುಂಪಾಗಿದ್ದವು. ಸೂಜಿ ಕೆದಕಿದ್ದಕ್ಕೆ ಎಚ್ಚರಗೊಂಡು ಟ್ಯೂಬಿನಲ್ಲೇ ಕೈ ಹಿಡಿದುಕೊಂಡಿವೆ. ಎಣಿಸುವ ಮಿಷನ್ನಿಗೆ ಗುಂಪು ಕಾಣುವುದಿಲ್ಲ, ಒಂಟಿ ಮಾತ್ರ ಕಾಣುತ್ತದೆ, ಅದಕ್ಕೇ ಲೆಕ್ಕ ಬಿದ್ದಿದೆ. ಬಲಗೈಯಿಂದ ಒಂದೇ ಚುಚ್ಚಿಗೆ ಹೊಸ ಸ್ಯಾಂಪಲ್ ತೆಗೆದರು: 2,41,000.

ನನಗೆ ಕಣ್ಣಲ್ಲಿ ನೀರು ಬಂತು ಅಂದರೆ ಸುಳ್ಳಲ್ಲ, ಸ್ವಲ್ಪ ನಾಚಿಕೆಯೂ ಆಯಿತು. ಕ್ಯಾನಿನಲ್ಲಿ ಕೆನೆ ಮೇಲೆ ಕಟ್ಟಿಕೊಂಡಿರುವಾಗ ಕದಡದೆ ಅಡಿಯಿಂದ ಸ್ಯಾಂಪಲ್ ತೆಗೆದರೆ ಫ್ಯಾಟು ಕಮ್ಮಿ ತೋರಿಸುತ್ತದೆ. ನನ್ನ ಮೊದಲ ವರ್ಷ ಒಬ್ಬ ಮುದುಕಿಯ ಹಾಲಿಗೆ ಹಾಗೆ ಮಾಡಿ, ನೀರು ಹಾಕಿದ್ದೀಯ ಅಂತ ಸಾಲಿನಲ್ಲಿ ಎಲ್ಲರ ಮುಂದೆ ಅಂದಿದ್ದೆ. ಆಕೆ ಮರುಮಾತಾಡದೆ ಕ್ಯಾನು ಎತ್ತಿಕೊಂಡು ಹೋಗಿದ್ದಳು. ಈ ಹುಡುಗನಿಗೆ ನಾನು ಏನೂ ಅನ್ನಲಿಲ್ಲ.

ಮೂರನೇ ಸಲಕ್ಕೆ ಅವರಿಗೆಲ್ಲ ನಾನು "ಡೈರಿ ಸರ್" ಆಗಿದ್ದೆ. ಸಂಜೆಯ ಹಾಲಿಗೆ ಇನ್ನೂ ಹೊತ್ತಿತ್ತು, ಚೀಲ ಇಡುವ ಕೋಣೆ ತೋರಿಸಿ ಅಂದೆ. ಒಳಗೆ ಬಿಡಲಿಲ್ಲ, ಬಾಗಿಲ ಗಾಜಿನಿಂದ ತೋರಿಸಿದರು. ಕೆಂಪು ಕಣದ ಚೀಲಗಳು ಫ್ರಿಜ್ಜಿನಲ್ಲಿ, 2ರಿಂದ 6 ಡಿಗ್ರಿಯಲ್ಲಿ. ಅದು ನನಗೆ ಸರಿ ಕಂಡಿತು. ಹಾಲು ತಣಿಸುವ ನಮ್ಮ ಬಿಎಂಸಿ ತೊಟ್ಟಿಯಲ್ಲೂ ಹಾಲು 4 ಡಿಗ್ರಿಗೆ ಇಳಿಯಬೇಕು. ಆದರೆ ಪ್ಲೇಟ್‌ಲೆಟ್ ಚೀಲಗಳು 20ರಿಂದ 24 ಡಿಗ್ರಿಯ ಪೆಟ್ಟಿಗೆಯಲ್ಲಿ, ತಟ್ಟೆಗಳ ಮೇಲೆ ಅತ್ತಿಂದಿತ್ತ ತೂಗುತ್ತಾ ಇದ್ದವು. ತಣ್ಣಗಿಡದೆ ಬೆಚ್ಚಗಿಟ್ಟಿದ್ದಾರೆ, ಅದೂ ಅಲ್ಲಾಡಿಸುತ್ತಾ! ನಮ್ಮ ಸೂಪರ್‌ವೈಸರ್ ನೋಡಿದ್ದರೆ ನೋಟಿಸ್ ಕೊಡುತ್ತಿದ್ದರು.

ಕಾರಣ ಕೇಳಿ. ತಣ್ಣಗೆ ಮಾಡಿದರೆ ಪ್ಲೇಟ್‌ಲೆಟ್ ಬಿಲ್ಲೆಯ ಆಕಾರ ಬಿಟ್ಟು ಮುಳ್ಳೇಳುತ್ತದೆ, ಚಳಿಯೂ ಅದಕ್ಕೆ ಒಂದು ಎಚ್ಚರಿಕೆ. ಅಂಥದ್ದನ್ನು ರೋಗಿಗೆ ಕೊಟ್ಟರೆ ಯಕೃತ್ತು ಬೇಗನೆ ಹಿಡಿದು ತೆಗೆದುಹಾಕುತ್ತದೆ. ಮರ್ಫಿ, ಗಾರ್ಡ್ನರ್ ಅನ್ನುವ ಇಬ್ಬರು ಅಮೆರಿಕದ ವೈದ್ಯರು 1969ರಲ್ಲಿ 22 ಡಿಗ್ರಿಯಲ್ಲಿ ಇಟ್ಟವು 4 ಡಿಗ್ರಿಯಲ್ಲಿ ಇಟ್ಟವಕ್ಕಿಂತ ಹೆಚ್ಚು ದಿನ ರೋಗಿಯ ಮೈಯಲ್ಲಿ ಬಾಳುತ್ತವೆ ಅಂತ ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ತೂಗುವುದು ಉಸಿರಾಟಕ್ಕೆ. ಚೀಲದ ಪ್ಲಾಸ್ಟಿಕ್ ಮೂಲಕವೇ ಗಾಳಿ ಆಡುತ್ತದೆ, ಒಂದೇ ಕಡೆ ಮಡುಗಟ್ಟಿದರೆ ಒಳಗೆ ಹುಳಿ ಏರುತ್ತದೆ. ಆದರೂ ತೆಗೆದ ಕೂಡಲೇ ತೂಗುವುದಿಲ್ಲ. ಮೊದಲು ಒಂದು ಗಂಟೆ ಹಾಗೇ ಬಿಡುತ್ತಾರೆ, ಬರುವ ದಾರಿಯಲ್ಲಿ ಸಣ್ಣಗೆ ಅಂಟಿಕೊಂಡವು ಬಿಡಿಸಿಕೊಳ್ಳಲಿ ಅಂತ. ಬೆಚ್ಚಗಿಟ್ಟ ಮೇಲೆ ಬ್ಯಾಕ್ಟೀರಿಯಾ ಭಯ ಇದ್ದೇ ಇದೆ, ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದಕ್ಕೇ ಐದೇ ದಿನದ ಆಯುಷ್ಯ.

ನನಗೆ ಈ ಮೂರು ಸಲದಲ್ಲಿ ಅತಿ ಇಷ್ಟವಾದದ್ದು ಮಾತ್ರ ಬೇರೆ. ಆ ಹಿರಿಯ ಟೆಕ್ನಿಷಿಯನ್ ಒಂದು ಚೀಲ ಹೊರತಂದು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ತಿರುಗಿಸಿದರು. ಒಳಗೆ ಬೆಳಕು ಸುಳಿದಾಡಿತು. ರೇಷ್ಮೆ ಸೀರೆಯ ಮಡಿಕೆ ತಿರುವಿದಾಗ ಮಿನುಗು ಜಾರುತ್ತದಲ್ಲ, ಹಾಗೆ. ಪ್ಲೇಟ್‌ಲೆಟ್ ಚಪ್ಪಟೆ ಬಿಲ್ಲೆಯಾಗಿ ಮಲಗಿಯೇ ಇದ್ದರೆ ಹರಿವಿಗೆ ಎಲ್ಲವೂ ಒಂದೇ ಕಡೆ ಮುಖ ಮಾಡಿ ಬೆಳಕು ಹೊಳೆಯಿಸುತ್ತವೆ. ಎದ್ದು ದುಂಡಗಾಗಿದ್ದರೆ ಈ ಮಿನುಗು ಇಲ್ಲ, ಬರೀ ಮಬ್ಬು. ಲಕ್ಷಾಂತರ ರೂಪಾಯಿಯ ಮಿಷನ್ನುಗಳ ನಡುವೆ ಕೊನೆಯ ಪರೀಕ್ಷೆ ಕಣ್ಣಿನದು. ನಾನೂ ಬೆಳಿಗ್ಗೆ ಕ್ಯಾನಿನ ಮುಚ್ಚಳ ತೆಗೆದು ಮೂಸಿಯೇ ಅರ್ಧ ಹೇಳುತ್ತೇನೆ. ಇಬ್ಬರೂ ಆ ಬಗ್ಗೆ ಹತ್ತು ನಿಮಿಷ ಮಾತಾಡಿದೆವು.

ಇನ್ನು ದೂರುಗಳು. ಒಪ್ಪಿಗೆಯ ಫಾರಂ ಪೂರ್ತಿ ಇಂಗ್ಲಿಷಿನಲ್ಲಿದೆ. ನನ್ನ ಹಿಂದೆ ನಿಂತಿದ್ದ ನಂಜನಗೂಡಿನ ಕಡೆಯವರು ಏನೂ ಓದದೆ ಸಹಿ ಹಾಕಿದರು. ಕೇಳಿದರೆ ವಿವರಿಸುತ್ತಾರೆ ನಿಜ, ಆದರೆ ಎಷ್ಟು ಜನ ಕೇಳುತ್ತಾರೆ? ಆಸ್ಪಿರಿನ್ ಪ್ರಶ್ನೆಯನ್ನು ಕನ್ನಡದಲ್ಲಿ ದೊಡ್ಡದಾಗಿ ಬಾಗಿಲಲ್ಲೇ ಹಾಕಿದ್ದರೆ ನನ್ನ ಮೊದಲ ದಿನ ಉಳಿಯುತ್ತಿತ್ತು. ಫೋನಿನಲ್ಲೇ ಕೇಳಿದ್ದರೆ ಬಸ್ ಚಾರ್ಜೂ ಉಳಿಯುತ್ತಿತ್ತು. ಏಸಿ ಜಾಸ್ತಿ. ಚಳಿಗೆ ನರ ಮುದುಡುತ್ತದೆ, ಮಿಷನ್ನು ಕುಂಯ್ ಅಂತ ಕೂಗಿಕೊಂಡು ನಿಲ್ಲುತ್ತದೆ. ಹೊದಿಕೆ ಕೇಳಿ ತೆಗೆದುಕೊಳ್ಳಿ. ಪಾರ್ಕಿಂಗ್ ಬಗ್ಗೆ ಗೊತ್ತಿಲ್ಲ, ನಾನು ಬಸ್ಸಿನವನು.

ಡೆಂಗ್ಯೂ ಕಾಲದಲ್ಲಿ ಹೋದರೆ ಕಾಯಬೇಕು. ಮೂರನೇ ಸಲ ಅದೇ ಆಯಿತು. ನಮ್ಮ ಪಕ್ಕದೂರಿನವರೇ ಒಬ್ಬರು 62,000 ಅಂತ ಚೀಟಿ ಹಿಡಿದು, "ಬಿಳಿ ರಕ್ತ ಕಮ್ಮಿ ಆಗದೆ, ಕೊಡಿ" ಅಂತ ಕೌಂಟರಿನಲ್ಲಿ ಕೂಗಾಡುತ್ತಿದ್ದರು. (ನಮ್ಮ ಕಡೆ ಪ್ಲೇಟ್‌ಲೆಟ್ಟಿಗೆ ಬಿಳಿ ರಕ್ತ ಅನ್ನುವುದು ರೂಢಿ, ಬಿಳಿ ರಕ್ತಕಣ ಬೇರೆಯೇ.) ರಕ್ತಸ್ರಾವ ಇಲ್ಲದಿದ್ದರೆ ಡೆಂಗ್ಯೂಗೆ 10,000ದ ಕೆಳಗೆ ಇಳಿದಾಗ ಮಾತ್ರ ಪ್ಲೇಟ್‌ಲೆಟ್ ಏರಿಸುವ ಮಾತು ಅಂತ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆ ಜ್ವರದಲ್ಲಿ ಹೆಚ್ಚಿನ ಅಪಾಯ ರಕ್ತನಾಳದಿಂದ ನೀರು ಸೋರುವುದು. ಡ್ಯೂಟಿ ಡಾಕ್ಟರು ಹೊರಬಂದು ಅವರನ್ನು ಕೂರಿಸಿ, ವಾರ್ಡಿನ ಡಾಕ್ಟರಿಗೆ ತಾವೇ ಫೋನ್ ಮಾಡಿ ಮಾತಾಡಿದರು. ಚೀಲ ಕೊಡಲಿಲ್ಲ. ಮಾರಿದರೆ ಸಾವಿರಾರು ರೂಪಾಯಿ ಬರುವ ಸರಕನ್ನು ಬೇಡ ಅಂತ ಹೇಳಿ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕೊಡುವವರಿಗೆ ದುಡ್ಡಿಲ್ಲ, ಕೇಳಲೂಬೇಡಿ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಮೇಲೆ 1998ರ ಜನವರಿಯಿಂದ ದುಡ್ಡಿಗೆ ರಕ್ತ ಕೊಡುವುದು ದೇಶದಲ್ಲಿ ನಿಂತಿದೆ. ಸಿಗುವುದು ಕಾಫಿ, ಬಿಸ್ಕತ್ತು, ಒಂದು ಬಾಳೆಹಣ್ಣು, ಹೆಸರು ತಪ್ಪಾಗಿ ಬರೆದ ಸರ್ಟಿಫಿಕೇಟು.

ಮೂರನೇ ದಿನ ಸೂಜಿ ತೆಗೆದ ಮೇಲೆ ಸಿಸ್ಟರ್ ಹತ್ತಿ ಒತ್ತಿ ಟೇಪು ಹಾಕಿ, "ಕೈ ಮಡಚಬೇಡಿ, ನೆಟ್ಟಗಿಟ್ಕೊಂಡು ಹತ್ತು ನಿಮಿಷ ಒತ್ತಿ ಹಿಡೀರಿ" ಅಂದರು. ಶ್ರೀರಂಗಪಟ್ಟಣ ದಾಟುವಾಗ ತಡೆಯಲಾರದೆ ಟೇಪು ಸರಿಸಿ ನೋಡಿದೆ. ಸಾಸಿವೆ ಕಾಳಿನಷ್ಟು ಕಪ್ಪುಗೆಂಪು ಚುಕ್ಕಿ, ಗಟ್ಟಿಯಾಗಿ ಕೂತಿತ್ತು. ಪಕ್ಕದ ಸೀಟಿನ ಹೆಂಗಸು, "ಏನ್ರಣ್ಣ, ಗಾಯ ಆಯ್ತಾ?" ಅಂದರು. "ಇಲ್ಲಕ್ಕ, ಹೆಪ್ಪು ಹಾಕಿವ್ನಿ" ಅಂದೆ. ಅವರು ಕಿಟಕಿ ಕಡೆ ಸರಿದು ಕೂತರು. ಐದೂಕಾಲಿಗೆ ಇಳಿದೆ, ಡೈರಿ ಮುಂದೆ ಆಗಲೇ ಏಳು ಕ್ಯಾನು ಸಾಲಿಟ್ಟಿದ್ದವು.